ಪದವಿ ಇಲ್ಲದ ವಿಜ್ಞಾನದ ಮಾಸ್ತರ



ಅಕ್ಟೋಬರ್ 10 ಬಂತೆಂದರೆ ನಮ್ಮ ಗೋಡೆ ಪತ್ರಿಕೆಯಲ್ಲಿ ಡಾ. ಕೋಟ ಶಿವರಾಮ ಕಾರಂತರ ಚಿತ್ರ ಇರಲೇಬೇಕು. ಚಿತ್ರದ ಕೆಳಗೆ ಕಡಲ ತೀರದ ಭಾರ್ಗವ, ಮೂಕಜ್ಜಿಯ ಕನಸುಗಳು, 1977ರ ಜ್ಞಾನಪೀಠ ಪ್ರಶಸ್ತಿ ಅಂತ ಮೂರು ಸಾಲು ಬರೆದು, ಅಂಟು ಹಚ್ಚಿ ಗೋಡೆಗೆ ಅಂಟಿಸತೀವಿ. ಅಲ್ಲಿಗೆ ಕಾರಂತರು ಮುಗಿದರು. ಈ ಸಲ ನಾನು ಆ ಮೂರು ಸಾಲಿನಾಗ ಬರದ ಕಾರಂತರ ಬಗ್ಗೆ ಬರೀಬೇಕಂತ ಕುಂತೀನಿ. ನಿಮ್ಮಂಥ ಸಣ್ಣ ಹುಡುಗರಿಗೆ ಕನ್ನಡದಾಗ ವಿಜ್ಞಾನ ಹೇಳಬೇಕಂತ ಹೆಣಗಾಡಿದ ಕಾರಂತರು ಅವರು. ಬರಹ ಸ್ವಲ್ಪ ಉದ್ದ ಐತಿ. ಒಂದೇ ಸಲ ನಿಂತು ಓದೋದು ಬ್ಯಾಸರ ಆದ್ರ ಎರಡು ದಿನ ಓದ್ರಿ.

ಅದಕ್ಕೂ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ನಾನು ಓದಿದ್ದು ಕನ್ನಡ ಮತ್ತು ಇತಿಹಾಸ. ವಿಜ್ಞಾನ ಅಂದ್ರ ನನಗೂ ಅಂಜಿಕೆ. ಆದರೆ ಪ್ರಾಥಮಿಕ ಶಾಲಿ ಮಾಸ್ತರ ಅಂದ ಮ್ಯಾಲೆ ಎಲ್ಲಾ ವಿಷಯ ಹೇಳಬೇಕಲ್ಲ. ನಾಲ್ಕನೇ, ಐದನೇ ತರಗತಿಗೆ ಪರಿಸರ ಅಧ್ಯಯನ ಪಾಠ ಮಾಡುತ್ತಿದ್ದೆ. ಪಾಠ ಓದಿಸುವುದು, ಹಿಂದಿನ ಪ್ರಶ್ನೆಗಳಿಗೆ ಉತ್ತರ ಬೋರ್ಡಿನ ಮೇಲೆ ಬರೆಯುವುದು, ನೀವು ಅದನ್ನು ವಹಿಯಲ್ಲಿ ಬರಕೊಳ್ಳುವುದು. ಇದೇ ನನ್ನ ವಿಜ್ಞಾನದ ಪಾಠ.

ಒಂದು ವರ್ಷ ಮಾರ್ಚ್ ತಿಂಗಳ ಮಧ್ಯಾಹ್ನ. ಹೊರಗೆ ಬಿಸಲು ಅಂದ್ರ ಬಿಸಲು. ನೀರು ಆವಿಯಾಗುವ ಪಾಠ ನಡೆದಿತ್ತು. ಐದನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಸರ, ನಮ್ಮ ಮನ್ಯಾಗ ಸ್ಟೀಲಿನ ಕೊಡದಾನ ನೀರು ಬೆಚ್ಚಗ ಇರತಾವು, ಬಾಜೂಕ ಇಟ್ಟ ಮಣ್ಣಿನ ಗಡಿಗ್ಯಾನ ನೀರು ತಣ್ಣಗ ಇರತಾವು, ಎರಡೂ ಒಂದೇ ಬೋರಿನ ನೀರು, ಹಿಂಗ ಯಾಕ್ರಿ ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ನಾನು ಹಾಗೆ ಹೇಳಲಿಲ್ಲ. ಪಾಠದಾಗ ಇಲ್ಲದ್ದು ಕೇಳಬ್ಯಾಡ, ಕುಂದ್ರು ಅಂತ ಗದರಿಸಿದೆ. ಉಳಿದವರು ನಕ್ಕರು. ಆಕೆ ಕುಂತಳು. ಆ ವರ್ಷ ಆಕೆ ಮತ್ತೆ ಕೈ ಎತ್ತಲಿಲ್ಲ. ಪರೀಕ್ಷೆಯಲ್ಲಿ ಮಾರ್ಕ್ಸು ಚೆನ್ನಾಗಿಯೇ ಬಂದವು. ಆದರೆ ಆ ಕೈ ಮಾತ್ರ ಮೇಲೆ ಬರಲಿಲ್ಲ.

ಬೇಸಿಗೆ ಸೂಟಿಯಲ್ಲಿ ನಿವೃತ್ತರಾದ ಒಬ್ಬ ಹಿರಿಯ ಗುರುಗಳ ಮನೆಗೆ ಹೋಗಿದ್ದೆ. ಅವರ ಕಪಾಟಿನಲ್ಲಿ ಒಂದು ದಪ್ಪನೆಯ ಹಳೇ ಪುಸ್ತಕ ಕಂಡಿತು. ಹೆಸರು ಬಾಲಪ್ರಪಂಚ. ಬರೆದವರು ಶಿವರಾಮ ಕಾರಂತ. ಚೋಮನ ದುಡಿ, ಮರಳಿ ಮಣ್ಣಿಗೆ ಬರೆದವರು ಇದನ್ನು ಯಾವಾಗ ಬರೆದರಪ್ಪಾ ಅಂತ ಕೈಗೆ ತಗೊಂಡೆ. ಆ ದಿನ ಸಂಜೆಯವರೆಗೂ ಅಲ್ಲೇ ಕುಂತು ಓದಿದೆ. ಆಮೇಲೆ ಅವರ ಜೀವನದ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದಿದೆ. ಓದಿದಂತೆ ಓದಿದಂತೆ ನನಗೆ ನಾಚಿಕೆ ಆಯಿತು. ಯಾಕಂದ್ರ ಅವರು ವಿಜ್ಞಾನದ ಪದವೀಧರರಲ್ಲ. ಯಾವ ಪದವೀಧರರೂ ಅಲ್ಲ. ನಾನು ವಿಜ್ಞಾನ ಓದಿಲ್ಲ ಅನ್ನುವ ನನ್ನ ನೆಪ ಅಲ್ಲಿಗೆ ಬಿದ್ದು ಹೋಯಿತು.

ಈಗ ಅವರ ಕಥೆ ಕೇಳ್ರಿ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟ ಎಂಬ ಊರಿನಲ್ಲಿ. ಅದು ಈಗ ಉಡುಪಿ ಜಿಲ್ಲೆಯಲ್ಲಿದೆ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ನಮ್ಮೂರಿನ ಸುತ್ತ ಎರಿಹೊಲ, ಜೋಳ, ದ್ರಾಕ್ಷಿ ತೋಟ ಇರುವ ಹಾಗೆ ಅವರ ಊರಿನ ಸುತ್ತ ಭತ್ತದ ಗದ್ದೆ, ತೆಂಗಿನ ತೋಟ, ಪಕ್ಕದಲ್ಲೇ ಕಡಲು. ಮಳೆಗಾಲ ಬಂದರೆ ತಿಂಗಳಾನುಗಟ್ಟಲೆ ಮಳೆ. ರಾತ್ರಿ ಬಯಲಿನಲ್ಲಿ ಯಕ್ಷಗಾನ. ಅಂಥಲ್ಲಿ ಬೆಳೆದ ಹುಡುಗನಿಗೆ ನೋಡುವ ಚಟ ಬಿತ್ತು. ಗಿಡ ಕಂಡರೆ ಗಿಡ, ಹಕ್ಕಿ ಕಂಡರೆ ಹಕ್ಕಿ, ಕುಣಿಯುವವರು ಕಂಡರೆ ಅವರ ಕಾಲು.

ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದರು. ಆಗ ಗಾಂಧೀಜಿಯವರು ಅಸಹಕಾರ ಚಳವಳಿಗೆ ಕರೆ ಕೊಟ್ಟಿದ್ದರು. ಬ್ರಿಟಿಷರ ಕಾಲೇಜು ಬಿಟ್ಟು ಹೊರಗೆ ಬರ್ರಿ ಅಂತ ವಿದ್ಯಾರ್ಥಿಗಳಿಗೆ ಕರೆ. ಹತ್ತೊಂಬತ್ತರ ಆಸುಪಾಸಿನ ಕಾರಂತರು ಕಾಲೇಜು ಬಿಟ್ಟರು. ಮತ್ತೆ ಒಳಗೆ ಕಾಲಿಡಲಿಲ್ಲ. ಖಾದಿ ಪ್ರಚಾರ ಅಂತ ಹಳ್ಳಿ ಹಳ್ಳಿ ತಿರುಗಿದರು. ವಸಂತ ಎಂಬ ಪತ್ರಿಕೆ ನಡೆಸಿದರು. ನಾಟಕ ಬರೆದರು, ಆಡಿಸಿದರು. 1930ರ ಸುಮಾರಿಗೆ ಅಸ್ಪೃಶ್ಯತೆಯ ಬಗ್ಗೆ ಡೊಮಿಂಗೊ ಎಂಬ ಮೂಕಿ ಸಿನಿಮಾ ಕೂಡ ಮಾಡಿದರು. ಒಂದರಲ್ಲಿಯೂ ಕೈತುಂಬ ದುಡ್ಡು ಬರಲಿಲ್ಲ. ಮಂದಿ ಇವರಿಗೆ ಹುಚ್ಚು ಅಂದಿರಬೇಕು. ಮುಂದೆ ಅವರು ತಮ್ಮ ಆತ್ಮಕಥೆಗೆ ತಾವೇ ಹುಚ್ಚು ಮನಸ್ಸಿನ ಹತ್ತು ಮುಖಗಳು ಅಂತ ಹೆಸರಿಟ್ಟರು.

ಆ ಹತ್ತು ಮುಖಗಳಲ್ಲಿ ಒಂದು ಮುಖ ಮಕ್ಕಳ ಕಡೆ ತಿರುಗಿತ್ತು.

1930ರ ದಶಕದಲ್ಲಿ ಅವರು ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಹೆಸರು ನೋಡ್ರಿ, ಶಾಲೆ ಅಂತಿಲ್ಲ, ವನ ಅಂತಿದೆ. ಗುಡ್ಡದ ಮೇಲೆ ಗಿಡಮರಗಳ ನಡುವೆ ಮಕ್ಕಳು ಆಡುತ್ತಾ, ಹಾಡುತ್ತಾ, ಕುಣಿಯುತ್ತಾ, ಕೈಯಿಂದ ಏನಾದರೂ ಮಾಡುತ್ತಾ ಕಲಿಯಬೇಕು ಅನ್ನುವುದು ಅವರ ಆಸೆ. ಬೆತ್ತ ತೋರಿಸಿ ಬಾಯಿಪಾಠ ಮಾಡಿಸುವ ಕಾಲ ಅದು. ಆ ಕಾಲದಲ್ಲಿ ಹೀಗೆ ಯೋಚನೆ ಮಾಡುವುದೇ ದೊಡ್ಡ ಮಾತು. ಅಕ್ಷರ ಕಲಿಯುವ ಮಕ್ಕಳಿಗೆ ಅವರು ಬರೆದ ಪುಸ್ತಕದ ಹೆಸರು ಓದುವ ಆಟ. ಓದು ಅಂದ್ರ ಆಟ ಅನ್ನೋದು ಹೆಸರಿನಾಗ ಐತಿ. ಇಂದು ಅಲ್ಲಿ ಅವರ ಆ ಶಾಲೆ ಇಲ್ಲ. ಅವರು ಇದ್ದ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಬಾಲವನ ಹೆಸರು ಹಾಗೇ ಉಳಿದಿದೆ.

ಆದರೆ ಒಂದು ಬಾಲವನಕ್ಕೆ ಎಷ್ಟು ಮಕ್ಕಳು ಬಂದಾರು? ಉಳಿದ ಕನ್ನಡದ ಮಕ್ಕಳಿಗೆ ಏನು?

ಆಗಿನ ಪರಿಸ್ಥಿತಿ ನಿಮಗೆ ತಿಳಿಯಬೇಕು. ಆಗ ಕರ್ನಾಟಕ ಅಂತ ಒಂದು ರಾಜ್ಯವೇ ಇರಲಿಲ್ಲ. ನಮ್ಮ ವಿಜಯಪುರ, ಆಗಿನ ಬಿಜಾಪುರ, ಮುಂಬೈ ಪ್ರಾಂತದಲ್ಲಿತ್ತು. ಕಾರಂತರ ಕೋಟ, ಪುತ್ತೂರು ಮದ್ರಾಸ್ ಪ್ರಾಂತದಲ್ಲಿದ್ದವು. ಕಲಬುರಗಿ, ರಾಯಚೂರು ಕಡೆಯವರು ನಿಜಾಮರ ಕೆಳಗೆ, ಮೈಸೂರಿನವರು ಮಹಾರಾಜರ ಕೆಳಗೆ. ಎಲ್ಲರೂ ಒಂದಾಗಿದ್ದು 1956ರಲ್ಲಿ, ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಇಂಗ್ಲೆಂಡಿನ ಮಕ್ಕಳಿಗೆ 1908ರಿಂದಲೇ ಆರ್ಥರ್ ಮೀ ಎಂಬವರ ಮಕ್ಕಳ ವಿಶ್ವಕೋಶ ಕಂತು ಕಂತಾಗಿ ಬರತೊಡಗಿತ್ತು. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ವಿಜ್ಞಾನ ಎಂಬ ಮಾಸಪತ್ರಿಕೆ ಶುರು ಮಾಡಿದ್ದರು. ಅದು ಹೆಚ್ಚು ಕಾಲ ನಡೆಯಲಿಲ್ಲ, ಅದನ್ನು ಓದುತ್ತಿದ್ದವರೂ ದೊಡ್ಡವರು. ಚಂದ್ರ ಯಾಕ ಸಣ್ಣಗ ಆಗತಾನ, ಮೀನು ನೀರಿನಾಗ ಉಸಿರು ಹೆಂಗ ಆಡತೈತಿ ಅಂತ ಕೇಳುವ ಕನ್ನಡದ ಮಗುವಿಗೆ ಒಟ್ಟಿಗೆ ಉತ್ತರ ಸಿಗುವಂಥ ಒಂದು ದೊಡ್ಡ ಪುಸ್ತಕ ಇರಲಿಲ್ಲ.

ಆ ಪುಸ್ತಕವನ್ನು ಕಾರಂತರು ಒಬ್ಬರೇ ಬರೆದರು. 1936ರಲ್ಲಿ ಬಾಲಪ್ರಪಂಚ ಬಂತು, ಮೂರು ಸಂಪುಟ. ಆಗ ಅವರ ವಯಸ್ಸು ಮೂವತ್ನಾಲ್ಕರ ಹತ್ತಿರ. ವಿಶ್ವಕೋಶ ಅಂದ್ರ ಹತ್ತಾರು ಪಂಡಿತರು ಕೂಡಿ, ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಂಡು ಬರೆಯುವಂಥದ್ದು. ಇಲ್ಲಿ ಭೂಮಿ, ಆಕಾಶ, ಗಿಡ, ಪ್ರಾಣಿ, ಯಂತ್ರ, ದೇಶ, ಇತಿಹಾಸ ಎಲ್ಲದಕ್ಕೂ ಒಂದೇ ಕೈ. ಆ ಕೈಗೆ ಪದವಿ ಇಲ್ಲ, ಪ್ರಯೋಗಶಾಲೆ ಇಲ್ಲ. ಅದೇ ವರ್ಷ ಲೀಲಾ ಅವರ ಜೊತೆ ಅವರ ಮದುವೆಯೂ ಆಯಿತು. ಜಾತಿ ಬೇರೆ ಬೇರೆ ಇದ್ದ ಮದುವೆ. ಆ ಕಾಲಕ್ಕೆ ಅದೂ ಸಣ್ಣ ಧೈರ್ಯ ಅಲ್ಲ.

ಪದವಿ ಇಲ್ಲದವರು ಇದನ್ನು ಹೆಂಗ ಬರೆದರು? ನನಗೆ ತಿಳಿದದ್ದು ಇಷ್ಟು. ಗೊತ್ತಿಲ್ಲದ್ದನ್ನು ಅವರು ಮುಚ್ಚಿಡಲಿಲ್ಲ, ಓದಿ ತಿಳಕೊಂಡರು. ಇಂಗ್ಲಿಷ್ ಪುಸ್ತಕ ತಂದು ಓದಿದರು. ಓದಿದ್ದನ್ನು ತಮಗೆ ತಾವೇ ಕನ್ನಡದಲ್ಲಿ ಹೇಳಿಕೊಂಡರು. ಹೇಳಲು ಬರದಿದ್ದರೆ ತಿಳಿದಿಲ್ಲ ಅಂತ ಅರ್ಥ. ಸಣ್ಣ ಹುಡುಗನಿಗೆ ತಿಳಿಯುವಂತೆ ಹೇಳುವಷ್ಟು ತಿಳಿದ ಮೇಲೆಯೇ ಬರೆಯಬೇಕು. ಮಕ್ಕಳಿಗೆ ಬರೆಯುವುದು ಸಲೀಸು ಅಂತ ತಿಳಿದವರು ಒಮ್ಮೆ ಕುಂತು ಬರೆದು ನೋಡಲಿ. ಬಾಷ್ಪೀಭವನ ಅಂತ ಬರೆದು ಕೆಳಗೆ ಗೆರೆ ಎಳೆಯೋದು ಹಗುರ. ಒದ್ದಿ ಅರಿವಿ ಒಣಗೋದು ಹೆಂಗ ಅಂತ ಐದನೇ ತರಗತಿ ಹುಡುಗನಿಗೆ ಹೇಳೋದು ಬಾಳ ಕಷ್ಟ. ನಾನು ವರ್ಷಾನುಗಟ್ಟಲೆ ಆ ಹಗುರದ್ದನ್ನೇ ಮಾಡಿದ್ದೆ.

ಬಾಲಪ್ರಪಂಚಕ್ಕೆ ಅವರು ನಿಲ್ಲಲಿಲ್ಲ. 1959ರಿಂದ ಮುಂದೆ ವಿಜ್ಞಾನ ಪ್ರಪಂಚ ಎಂಬ ನಾಲ್ಕು ಸಂಪುಟ ತಂದರು. ಆಗ ಅವರಿಗೆ ಐವತ್ತೇಳು ದಾಟುತ್ತಿತ್ತು. ಅಮೆರಿಕದ ರೇಚಲ್ ಕಾರ್ಸನ್ ಎಂಬ ವಿಜ್ಞಾನಿ ಕಡಲಿನ ಬಗ್ಗೆ 1951ರಲ್ಲಿ ಬರೆದ ಪುಸ್ತಕವನ್ನು ನಮ್ಮ ಸುತ್ತಲಿನ ಕಡಲು ಅಂತ ಕನ್ನಡಕ್ಕೆ ತಂದರು. ನಮ್ಮೂರಿನಲ್ಲಿ ಕಡಲು ನೋಡದವರೇ ಹೆಚ್ಚು. ಭೂತನಾಳ ಕೆರೆ ನೋಡಿದವರಿಗೆ ಕಡಲು ಅಂದ್ರ ಎಷ್ಟು ದೊಡ್ಡದು ಅಂತ ಹೇಳಬೇಕಾದರೆ ಕಡಲ ದಂಡೆಯಲ್ಲಿ ಹುಟ್ಟಿದವರೇ ಬೇಕು. ಅವರು ಪ್ರಾಣಿಗಳ ಬಗ್ಗೆ, ಹಕ್ಕಿಗಳ ಬಗ್ಗೆಯೂ ಪುಸ್ತಕ ಬರೆದರು. ನಡುವೆ ನಲವತ್ತಕ್ಕೂ ಹೆಚ್ಚು ಕಾದಂಬರಿ, ಯಕ್ಷಗಾನದ ಸಂಶೋಧನೆ, ಅರ್ಥಕೋಶ, ಪ್ರವಾಸಕಥನ. ಎಲ್ಲಾ ಸೇರಿ ಪುಸ್ತಕಗಳು ನಾನೂರು ದಾಟುತ್ತವೆ. ಕಾಲೇಜು ಬಿಟ್ಟವರಿಗೆ ವಿಶ್ವವಿದ್ಯಾಲಯಗಳೇ ಕರೆದು ಗೌರವ ಡಾಕ್ಟರೇಟ್ ಕೊಟ್ಟವು.

ಪ್ರಶ್ನೆ ಕೇಳುವ ಗುಣ ಮಕ್ಕಳಿಗೆ ಮಾತ್ರ ಅಂತ ಅವರು ತಿಳಿದಿರಲಿಲ್ಲ. 1975ರಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿ ಬಂದಾಗ, ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವುದು ಸರಿಯಲ್ಲವೆಂದು ಸರಕಾರ ಕೊಟ್ಟಿದ್ದ ಪದ್ಮಭೂಷಣ ಪ್ರಶಸ್ತಿಯನ್ನು ವಾಪಸು ಕೊಟ್ಟರು. ಉತ್ತರ ಕನ್ನಡದ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬರುತ್ತದೆ ಅಂದಾಗ ಕಾಡಿಗೆ ಏನಾಗುತ್ತದೆ, ಜನರಿಗೆ ಏನಾಗುತ್ತದೆ ಅಂತ ಕೇಳಿದರು. 1989ರಲ್ಲಿ ಅದೇ ಪ್ರಶ್ನೆ ಇಟ್ಟುಕೊಂಡು ಲೋಕಸಭೆ ಚುನಾವಣೆಗೆ ನಿಂತರು, ಸೋತರು. ಆಗ ಅವರಿಗೆ ಎಂಬತ್ತೇಳು. ಸ್ಥಾವರ ಬಂದೇ ಬಂತು, ಈಗ ಅಲ್ಲಿ ವಿದ್ಯುತ್ ತಯಾರಾಗುತ್ತದೆ. ಯಾರ ಮಾತು ಸರಿ ಅನ್ನುವುದನ್ನು ನೀವು ದೊಡ್ಡವರಾದ ಮೇಲೆ ಎರಡೂ ಕಡೆಯದನ್ನು ಓದಿ ತೀರ್ಮಾನ ಮಾಡ್ರಿ. ವಿಜ್ಞಾನವನ್ನು ಅಷ್ಟು ಪ್ರೀತಿಸಿದವರು ವಿಜ್ಞಾನಿಗಳನ್ನೂ ಪ್ರಶ್ನೆ ಕೇಳಿದರು. ನನಗೆ ಬೇಕಾದದ್ದು ಅಷ್ಟು.

ಕೊನೆಯ ದಿನಗಳಲ್ಲಿಯೂ, ತೊಂಬತ್ತೈದರ ಹೊತ್ತಿಗೂ, ಅವರು ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಆ ಪುಸ್ತಕ 2002ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂತು. ತೊಂಬತ್ತೈದು ವರ್ಷ ಬದುಕಿದವರು ಎಷ್ಟು ಹಕ್ಕಿ ನೋಡಿರಬಹುದು! ಆದರೂ ನೋಡಿದ್ದು ಸಾಕಾಗಿರಲಿಲ್ಲ.

ಈಗ ಮತ್ತೆ ನಮ್ಮ ಗಡಿಗಿಗೆ ಬರೋಣ.

ಸೂಟಿ ಮುಗಿದು ಜೂನ್‌ನಲ್ಲಿ ಶಾಲೆ ಶುರುವಾಯಿತು. ಆ ಹುಡುಗಿ ಆರನೇ ತರಗತಿಗೆ ಬಂದಿದ್ದಳು. ಎಲ್ಲರ ಮುಂದೆ ನಾನು ಹೇಳಿದೆ: ಹೋದ ಮಾರ್ಚಿನಾಗ ಈಕಿ ಒಂದು ಪ್ರಶ್ನೆ ಕೇಳಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕಿ ಆಗಿ ಬೈದೆ. ತಪ್ಪು ನಂದು. ಈಗ ಎಲ್ಲಾರೂ ಕೂಡಿ ಉತ್ತರ ಹುಡುಕೋಣು. ತರಗತಿ ಗಪ್‌ಚಿಪ್ ಆಯಿತು. ಮಾಸ್ತರು ತಪ್ಪು ಒಪ್ಪಿಕೊಂಡದ್ದನ್ನು ಆ ಮಕ್ಕಳು ಮೊದಲ ಸಲ ನೋಡಿದ್ದರು ಅಂತ ಕಾಣುತ್ತದೆ.

ಎರಡು ಒಂದೇ ಥರದ ಬಾಟ್ಲಿ ತಗೊಂಡೆವು. ಎರಡರಲ್ಲೂ ಒಂದೇ ನಳದ ನೀರು. ಒಂದಕ್ಕೆ ಒದ್ದೆ ಅರಿವಿ ಸುತ್ತಿದೆವು, ಇನ್ನೊಂದನ್ನು ಹಾಗೇ ಬಿಟ್ಟೆವು. ಎರಡನ್ನೂ ಬೇವಿನ ಗಿಡದ ನೆರಳಿನಲ್ಲಿ, ಗಾಳಿ ಆಡುವ ಕಡೆ ಇಟ್ಟೆವು. ಅರಿವಿ ಒಣಗಿದಂತೆ ನೀರು ಚಿಮುಕಿಸುತ್ತಾ ಹೋದೆವು. ಒಂದು ತಾಸಿನ ಮೇಲೆ ಎಲ್ಲರೂ ಸಾಲಾಗಿ ಬಂದು ನೀರಿನಲ್ಲಿ ಬೆರಳಿಟ್ಟು ನೋಡಿದರು. ಅರಿವಿ ಸುತ್ತಿದ ಬಾಟ್ಲಿಯ ನೀರು ತಣ್ಣಗಾಗಿದ್ದವು.

ಯಾಕ? ನೀರು ಆವಿಯಾಗಿ ಹಾರಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ಬಾಜೂಕ ಇದ್ದ ಬಾಟ್ಲಿಯಿಂದ, ಒಳಗಿನ ನೀರಿನಿಂದ ಕಸಿದುಕೊಂಡು ಹೋಗುತ್ತದೆ. ಶಾಖ ಕಳಕೊಂಡ ನೀರು ತಣ್ಣಗಾಗುತ್ತದೆ. ಮಣ್ಣಿನ ಗಡಿಗಿಗೆ ಅರಿವಿ ಸುತ್ತುವ ಕೆಲಸವೇ ಇಲ್ಲ. ಅದರ ಮೈತುಂಬ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ತೂತು. ಅವುಗಳಿಂದ ನೀರು ಜಿನುಗಿ ಹೊರಮೈಗೆ ಬಂದು ಆರುತ್ತಾ ಇರುತ್ತದೆ. ಸ್ಟೀಲಿನ ಕೊಡಕ್ಕೆ ಆ ತೂತು ಇಲ್ಲ. ಅದಕ್ಕೇ ಅದರ ನೀರು ಬೆಚ್ಚಗೆ.

ಅಷ್ಟಕ್ಕೆ ಆ ಹುಡುಗಿ ಕೈ ಎತ್ತಿದಳು. ಮೂರು ತಿಂಗಳ ಮೇಲೆ ಎತ್ತಿದ ಕೈ ಅದು. ಆಕೆಯ ಅಪ್ಪನಿಗೆ ದ್ರಾಕ್ಷಿ ತೋಟ, ಮಣೂಕ ಮಾಡುವ ಶೆಡ್ಡು ಐತಿ. ಸರ, ಶೆಡ್ಡಿನಾಗ ಹಾಕಿದ ದ್ರಾಕ್ಷಿ ನೀರೂ ಹಿಂಗ ಹಾರಿ ಹೋಗತಾವೇನ್ರಿ, ಗಾಳಿ ಬಿಟ್ಟ ದಿನ ಲಗೂ ಒಣಗತಾವು, ಮಾಡ (ಮೋಡ) ಮುಚ್ಚಿದ ದಿನ ಒಣಗಂಗಿಲ್ಲ ಅಂತ ನಮ್ಮಪ್ಪ ಅಂತಿರತಾನ ಅಂದಳು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಹಾಕಿದರೆ ಒಂದು ಕಿಲೋ ಮಣೂಕ ಆಗುತ್ತದೆ. ಉಳಿದ ಮೂರು ಕಿಲೋ ಎಲ್ಲಿ ಹೋಯಿತು? ಗಾಳಿಗೆ ಹೋಯಿತು. ನಾನು ಬೋರ್ಡಿನ ಮೇಲೆ ಬರೆದು ವರ್ಷಾನುಗಟ್ಟಲೆ ಹೇಳಲಾಗದ್ದನ್ನು ಆಕೆ ತನ್ನ ಅಪ್ಪನ ಶೆಡ್ಡಿನಿಂದ ಹೇಳಿದಳು. ಆ ದಿನ ಆಕೆಯೇ ಮಾಸ್ತರ, ನಾನು ವಿದ್ಯಾರ್ಥಿ.

ಆಮೇಲೆ ನಾನೊಂದು ಪ್ರಶ್ನೆ ಕೇಳಿದೆ. ಕಾರಂತರ ಊರು ಕಡಲ ದಂಡಿ ಮ್ಯಾಲೆ ಐತಿ. ಅಲ್ಲಿ ಗಾಳ್ಯಾಗ ಮೊದಲೇ ನೀರಿನ ಪಸೆ ತುಂಬಿರತೈತಿ. ಅಲ್ಲಿ ಗಡಿಗಿ ನೀರು ನಮ್ಮೂರಿನಷ್ಟು ತಣ್ಣಗ ಆಗತಾವೋ ಇಲ್ಲೋ? ಹುಡುಗರು ಸ್ವಲ್ಪ ಹೊತ್ತು ಜಗಳಾಡಿ ತಾವೇ ಹೇಳಿದರು: ಆಗಂಗಿಲ್ರಿ ಸರ, ಅಲ್ಲಿ ಅರಿವೀನೂ ಲಗೂ ಒಣಗಂಗಿಲ್ಲ. ಖರೇ. ನಮ್ಮ ವಿಜಯಪುರದ ಒಣ ಬಿಸಲಿಗೆ ಗಡಿಗಿ ತಂಪು ಮಾಡಿದಂತೆ ಕರಾವಳಿಯ ಸೆಕೆಯಲ್ಲಿ ಮಾಡುವುದಿಲ್ಲ. ಬಿಸಲಿನ ಊರು ಅಂತ ನಾವು ಬೇಜಾರು ಪಡತೀವಿ. ಅದೇ ಒಣ ಹವಾ ನಮಗೆ ಮಣೂಕವನ್ನೂ ಕೊಟ್ಟೈತಿ, ತಣ್ಣನ ನೀರನ್ನೂ ಕೊಟ್ಟೈತಿ.

ಮಕ್ಕಳೇ, ಕಾರಂತರ ಬಗ್ಗೆ ಪರೀಕ್ಷೆಯಲ್ಲಿ ಕೇಳಿದರೆ ಹುಟ್ಟಿದ ಊರು, ವರ್ಷ, ಪ್ರಶಸ್ತಿ ಬರೀರಿ. ಅದು ಬೇಕು. ಆದರೆ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಳ್ರಿ. ಗೊತ್ತಿಲ್ಲದ್ದು ಅವಮಾನ ಅಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಡೋದು ಅವಮಾನ. ಇದು ನಿಮಗಿಂತ ಹೆಚ್ಚಾಗಿ ನಮ್ಮಂಥ ಮಾಸ್ತರರಿಗೆ ಹೇಳಿದ ಮಾತು.

ನೀವೂ ಮಾಡಿ ನೋಡ್ರಿ

1. ಮನೆಯಲ್ಲಿ ಹತ್ತು ಹಸಿ ದ್ರಾಕ್ಷಿ ಎಣಿಸಿ ತಾಟಿನಲ್ಲಿ ಇಡ್ರಿ. ಮೇಲೆ ತೆಳ್ಳನ ಅರಿವಿ ಹೊದಿಸ್ರಿ. ದಿನಾ ನೋಡಿ, ಎಷ್ಟನೇ ದಿನಕ್ಕೆ ಸುಕ್ಕು ಬಂತು ಅಂತ ಬರೀರಿ. ತಿನ್ನೋದು ಕೊನೆಗೆ.

2. ಎರಿಹೊಲ ಬ್ಯಾಸಿಗ್ಯಾಗ ಬಿರುಕು ಬಿಡತೈತಿ. ಕೆಂಪು ಮಣ್ಣು ಅಷ್ಟು ಬಿಡಂಗಿಲ್ಲ. ಎರಡೂ ಮಣ್ಣಿನ ಒಂದೊಂದು ಉಂಡಿ ಮಾಡಿ ಒಣಗಿಸಿ ನೋಡ್ರಿ. ಯಾಕ ಅಂತ ನಿಮ್ಮ ಅಜ್ಜನನ್ನೂ ಕೇಳ್ರಿ, ನನ್ನನ್ನೂ ಕೇಳ್ರಿ. ಇಬ್ಬರ ಉತ್ತರ ಬೇರೆ ಬಂದರೆ ಮತ್ತೂ ಛಲೋ.

3. ಗೋಳಗುಮ್ಮಟಕ್ಕೆ ಹೋದಾಗ ಎಲ್ಲರೂ ಕೂಗ್ಯಾಡತೀರಿ. ಈ ಸಲ ಮೇಲಿನ ಗ್ಯಾಲರಿಯಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ಹೊಡೆದು, ಎಷ್ಟು ಸಲ ತಿರುಗಿ ಕೇಳಿಸಿತು ಅಂತ ಎಣಿಸಿಕೊಂಡು ಬರ್ರಿ.

ಈ ಹಾಳೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸೀನಿ. ಪೆನ್ಸಿಲ್ಲು ದಾರದಲ್ಲಿ ಕಟ್ಟೀನಿ. ಪಾಠದಾಗ ಇಲ್ಲದ ಪ್ರಶ್ನೆ ಅಲ್ಲಿ ಬರೀರಿ, ಹೆಸರು ಬರೀದಿದ್ದರೂ ನಡೀತೈತಿ. ಉತ್ತರ ಗೊತ್ತಿದ್ದರೆ ಮುಂದಿನ ಸಂಚಿಕೆಯಲ್ಲಿ ಬರೀತೀನಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೀತೀನಿ. ಆಮ್ಯಾಲೆ ಕೂಡಿ ಹುಡುಕೋಣು.

ನಿಮ್ಮ ಗುರುಗಳು